ಗೋವಿಂದಮ್ಮನ ಕೋಳಿಗಳು

ಅಜ್ಜೀಪುರ
3 ಜೂನ್ 2024

ಅವ್ವ,

ನಿನ್ನ ಮಗಳು ಕೋಮಲ ಬರೀತಾ ಇರೋದು. ಕವರಿನ ಮೇಲೂ ನನ್ನ ಹೆಸರು ದಪ್ಪಗೆ ಬರ್ದಿದೀನಿ. ಕದ್ದು ಬರಿಯೋ ಅಂಥ ಕೆಲಸ ನಾನೇನೂ ಮಾಡಿಲ್ಲ.

ಎರಡು ವರ್ಷ ಆಯ್ತು. ಜಾತಿ ಬಿಟ್ಟು ಮೂರ್ತೀನ ನಾನು ಮದುವೆ ಆದ ದಿನ ಅಪ್ಪ ನಮ್ಮನೆ ಮುಂದೆ ಬೀದೀಲಿ ನಿಂತ್ಕೊಂಡು, ತಲೆ ಮೇಲೆ ಒಂದು ಚೊಂಬು ನೀರು ಹುಯ್ಕೊಂಡು, 'ಇವತ್ತಿಗೆ ನನ್ನ ಮಗಳು ಸತ್ಲು' ಅಂದ್ರಂತೆ. ಹೊನ್ನೂರಿಗೆ ಹೊನ್ನೂರೇ ನೋಡ್ತಂತೆ. ಹೋದ ವರ್ಷ ನಾನೇ ಬಂದೆ. ನನ್ನ ಮುಖ ನೋಡಿದ್ದೇ ಬಾಗಿಲು ಹಾಕ್ಕೊಂಡ್ರು. ಒಳಗಡೆಯಿಂದ ನೀನು 'ಯಾರು ಬಂದಿದ್ದು?' ಅಂದಿದ್ದು ನನಗೆ ಕೇಳಿಸ್ತು. 'ಯಾರೂ ಇಲ್ಲ' ಅಂದ್ರು ಅಪ್ಪ.

ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ ನಮ್ಮೂರ ಪುಟ್ಟಬಸಪ್ಪ ಸಿಕ್ಕಿದ್ದ. ನಿನಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದೋಗವೆ ಅಂದ. ಹತ್ತಬೇಕಿದ್ದ ಬಸ್ ಬಿಟ್ಟು ಅವನ ಹಿಂದೆ ಹೋದೆ ಕಣವ್ವ. ನನ್ನ ನಂಬರ್ ಇಟ್ಕೋ, ಏನಾದ್ರೂ ಇದ್ರೆ ಹೇಳು ಅಂದ್ರೆ, 'ಬೇಡ ಕಣವ್ವ, ನಿಮ್ಮಪ್ಪ ಲಿಂಗ ಮುಟ್ಟಿಸಿ ಆಣೆ ಹಾಕ್ಸವ್ರೆ, ನಮ್ಮೋರು ಯಾರೂ ನಿನ್ ಕುಟೆ ಮಾತಾಡಂಗಿಲ್ಲ' ಅಂತ ಕೈ ಮುಗಿದು ಬಸ್ ಹತ್ಬಿಟ್ಟ.

ಒಂದು ಸಲ ನಿನ್ನ ಮುಖ ನೋಡ್ಬೇಕು. ಅಷ್ಟೇ. ಊಟ ಬೇಡ, ಕುಂಕುಮ ಬೇಡ, ಒಳಗೆ ಬಾ ಅನ್ನೋದೂ ಬೇಡ. ಬರ್ಲಾ?

ನಾನು ಚೆನ್ನಾಗಿದೀನಿ. ಅತ್ತೆ ಗೋವಿಂದಮ್ಮ ಒಳ್ಳೇರು. ಹಿತ್ತಿಲಲ್ಲಿ ನಾಟಿ ಕೋಳಿ ಸಾಕವ್ರೆ. ನಮ್ಮ ಅಂಗಳಕ್ಕೆ ಯಾರ ಮನೆ ಕೋಳಿ ಬಂದ್ರೂ ನೀನು ನೀರು ಎರಚಿ ಓಡಿಸ್ತಿದ್ದೆ. ಈಗ ನಿನ್ನ ಮಗಳು ಬೆಳಗೆದ್ದು ಕೋಳಿ ಗೂಡು ಗುಡಿಸ್ತಾಳೆ. ಬಯ್ಯೋದಿದ್ರೆ ಎದುರಿಗೇ ಬಯ್ಯಿ.

ನಿನ್ನ
ಕೋಮಲ

*

ಅಜ್ಜೀಪುರ
14 ಜೂನ್ 2024

ಅವ್ವ,

ಕಾಗದ ವಾಪಸ್ ಬಂತು. ಕವರು ಬಿಚ್ಚಿಲ್ಲ. ಮೇಲೆ ಅಪ್ಪನ ಕೈಬರಹ: 'ಕಳಿಸಿದವರು ತೀರಿಕೊಂಡಿದ್ದಾರೆ. ವಾಪಸ್.' ಅಂಚೆ ಮಾದಸ್ವಾಮಿ ನನ್ನ ಮುಖ ನೋಡ್ದ, ಕವರು ನೋಡ್ದ. 'ಇದೆಂಥಾ ಬರಹ ಕಣಕ್ಕ, ಸತ್ತೋರು ಕಾಗದ ಆಕ್ತಾರಾ?' ಅಂದ.

ಈ ಕಾಗದ ಅಂಚೆಗೆ ಹಾಕಲ್ಲ. ರಾಗಿ ಡಬ್ಬದಲ್ಲಿ ಇಡ್ತೀನಿ. ಸುಮ್ನೆ ನಿನ್ನ ಕುಟೆ ಮಾತಾಡ್ದಂಗೆ.

ನನಗೊಂದು ದಾರಿ ಹೊಳೆದಿದೆ. ಮೂವತ್ನಾಲ್ಕು ವರ್ಷ ದನದ ಆಸ್ಪತ್ರೇಲಿ ಇನ್ಸ್‌ಪೆಕ್ಟ್ರಾಗಿ ದುಡಿದು ರಿಟೈರಾದ್ರೂ ಅಪ್ಪನಿಗೆ ರೈತರ ಕಾಗದ ಬರೋದು ನಿಂತಿಲ್ಲ. ಫೋನ್ ಮಾಡಿದ್ರೆ ಕಟ್ ಮಾಡ್ತಾರೆ. 'ಬಾಯಿಗೆ ಬಂದದ್ದು ಹೇಳ್ಬೇಡಿ, ಬರೀರಿ. ಬರಿಯೋಕೆ ಕೂತ್ರೆ ಸರಿಯಾಗಿ ನೋಡ್ತೀರಿ' ಅಂತಾರೆ. ಬರೆದವರು ಯಾವ ಜಾತಿಯೋರಾಗ್ಲಿ, ಕೇಳಿದ್ದು ಹಸು ಆಗ್ಲಿ ಕೋಳಿ ಆಗ್ಲಿ, ಅವತ್ತೇ ಉತ್ತರ. ಕೋಳಿ ಕುಯ್ದು ಕರುಳು ನೋಡಿ ಬಂದ ದಿನ ಕೊಟ್ಟಿಗೇಲೇ ಸ್ನಾನ ಮಾಡಿ ಒಳಗೆ ಬರೋರು. ನೀರು ಹುಯ್ತಿದ್ದೋಳು ನಾನು. ಸಂಜೆ ಕಾಗದ ಓದಿ ಹೇಳ್ತಿದ್ದೋಳೂ ನಾನೇ.

ಮಗಳ ಕಾಗದ ಬಿಚ್ಚಲ್ಲ. ರೈತಿಣಿ ಕಾಗದ ಬಿಚ್ಚಲೇಬೇಕು. ಅತ್ತೆ ಹೆಸರು ಅಪ್ಪನಿಗೆ ಗೊತ್ತಿಲ್ಲ. ಅವರ ಹೆಸರಲ್ಲಿ ಬರೀತೀನಿ, ಕೈಬರಹ ಗುರುತು ಸಿಗ್ದಂಗೆ ಎಡಗೈಲಿ. ಕೋಳಿಗೇನೋ ನಿಜವಾಗ್ಲೂ ಕಾಯಿಲೆ ಬಂದಿದೆ, ಸುಳ್ಳು ಹೇಳೋ ಹಂಗೂ ಇಲ್ಲ. ಕೋಳಿ ವಿಚಾರ ಕೇಳ್ತಾ ಕೇಳ್ತಾ ನಿನ್ನ ವಿಚಾರ ತಿಳ್ಕೋತೀನಿ.

ಕೋಮಲ

*

ಅಜ್ಜೀಪುರ, ಹನೂರು ತಾಲ್ಲೂಕು
15 ಜೂನ್ 2024

ಡಾಕ್ಟ್ರು ಸಾಹೇಬ್ರಿಗೆ ಗೋವಿಂದಮ್ಮ ಮಾಡೋ ನಮಸ್ಕಾರ.

ಸಾ, ನಂಗೆ ಓದು ಬರಾಕಿಲ್ಲ, ಬೀದೀಲಿರೋ ಇಸ್ಕೂಲ್ ಮಗಿನ ಕೈಲಿ ಬರೆಸ್ತಾ ಇವ್ನಿ. ನಿಮ್ಮ ಎಸ್ರು ನಮ್ಮ ಕಡೇನೂ ಗೊತ್ತು. ನಮ್ಮ ಯಾಟೆ ಕಾವು ಕುಂತು ಅನ್ನೆರಡು ಮರಿ ಮಾಡಿತ್ತು. ಈಗ ಐದು ವಾರದವು. ಮಳೆ ಬಿದ್ದು ಗೂಡು ಒದ್ದೆಯಾದ್ ಮೇಲೆ ರೆಕ್ಕೆ ಇಳೇಬಿಟ್ಕಂಡು, ಪುಕ್ಕ ಉಬ್ಬಿಸ್ಕಂಡು, ಚಳಿ ಆದೋವಂಗೆ ಮೂಲೇಲಿ ನಿಂತ್ಕತವೆ. ಮೇವು ತಿನ್ನಾಕಿಲ್ಲ. ನೀರು ಮಾತ್ರ ಕುಡೀತವೆ. ಎಲ್ಡು ಸತ್ತೋದೊ.

ರಾತ್ರಿ ಗೂಡಿಗೆ ಪೇಪರ್ ಆಸಿ ಬೆಳಿಗ್ಗೆ ನೋಡುದ್ರೆ ಏಳು ಇಕ್ಕೇಲಿ ರಕ್ತ. ಮೂರು ಇಕ್ಕೆ ಚಾಕಲೇಟ್ ಬಣ್ಣ, ಅಂಟಂಟು. ಮಿಕ್ಕವು ನೆಟ್ಟಗವೆ. ಕೊಕ್ಕರೆ ರೋಗ ಅಂತಾರೆ ಇಲ್ಲಿಯೋರು. ಕತ್ತು ತಿರುಚ್ಕೊಂಡಿಲ್ಲ, ಅಸ್ರು ಇಕ್ಕೆ ಇಲ್ಲ. ಏನ್ ಮಾಡಾನೆ ಸಾ?

ನಿಮ್ಮನೇಲಿ ಅಮ್ಮಾವ್ರು ಸಂದಾಗವ್ರಾ?

ಗೋವಿಂದಮ್ಮ

*

ಹೊನ್ನೂರು, ಯಳಂದೂರು ತಾಲ್ಲೂಕು
18 ಜೂನ್ 2024

ಶ್ರೀಮತಿ ಗೋವಿಂದಮ್ಮನವರಿಗೆ ಸದಾಶಿವಪ್ಪನ ಶರಣು.

ಕಾಗದ ಇವತ್ತು ತಲುಪಿತು. ಚೆನ್ನಾಗಿ ನೋಡಿದ್ದೀರಿ. ಇಷ್ಟು ಚೆನ್ನಾಗಿ ನೋಡುವವರು ಕಡಿಮೆ.

ಇದು ಕೊಕ್ಕರೆ ರೋಗವಲ್ಲ, ರಕ್ತಭೇದಿ. ಕಣ್ಣಿಗೆ ಕಾಣದ ಕ್ರಿಮಿ ಕರುಳಿನ ಒಳಪದರವನ್ನು ಕೆರೆದು ತಿನ್ನುತ್ತದೆ. ಒದ್ದೆ ಗೂಡಿನಲ್ಲಿ ಬೆಳೆಯುತ್ತದೆ. ಮೂರರಿಂದ ಎಂಟು ವಾರದ ಮರಿಗಳಿಗೆ ಹೆಚ್ಚು. ಚಾಕಲೇಟ್ ಬಣ್ಣದ ಅಂಟು ಹಿಕ್ಕೆಗೆ ಹೆದರಬೇಡಿ, ಆರೋಗ್ಯವಾಗಿರುವ ಕೋಳಿಯೂ ಹತ್ತು ಸಲಕ್ಕೆ ಒಂದು ಸಲ ಹಾಗೆ ಹಾಕುತ್ತದೆ. ರಕ್ತ ಬೆರೆತದ್ದು ಮಾತ್ರ ರೋಗ.

ಹನೂರಿನ ಔಷಧಿ ಅಂಗಡಿಯಲ್ಲಿ ಆಂಪ್ರೋಲಿಯಂ ಪುಡಿ ಕೇಳಿ. ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಕುಡಿಯುವ ನೀರಿಗೆ ಬೆರೆಸಿ ಐದು ದಿನ ಕೊಡಿ. ಆ ಐದು ದಿನ ಬೇರೆ ನೀರು ಇಡಬೇಡಿ, ಔಷಧಕ್ಕೆ ಬೇರೆ ಏನನ್ನೂ ಸೇರಿಸಬೇಡಿ. ಜೋಲು ಬಿದ್ದವನ್ನು ಬೇರೆ ಮಂಕರಿಯಲ್ಲಿ ಇಡಿ. ಗೂಡಿನ ಹಳೆಯ ಹೊಟ್ಟನ್ನು ದೂರ ಒಯ್ದು ಸುಟ್ಟು, ನೆಲ ಒಣಗಿಸಿ, ಸುಣ್ಣ ಎರಚಿ ಹೊಸ ಹೊಟ್ಟು ಹಾಕಿ. ಸತ್ತವನ್ನು ಆಳವಾಗಿ ಹೂಳಿ. ಕನಿಕರಕ್ಕೆ ಬಿದ್ದು ಕಾಯಿಲೆ ಮರಿಯನ್ನು ಮತ್ತೆ ಗುಂಪಿಗೆ ಬಿಟ್ಟರೆ ಇಡೀ ಗುಂಪು ಹೋಗುತ್ತದೆ. ಇದು ನನ್ನ ಅನುಭವ.

ನಮ್ಮ ಮನೆಯವರು ಇದ್ದಾರೆ. ಕೇಳಿದ್ದಕ್ಕೆ ಸಂತೋಷ.

ಸದಾಶಿವಪ್ಪ

*

ಅಜ್ಜೀಪುರ
1 ಜುಲೈ 2024

ಸಾಹೇಬ್ರಿಗೆ ಗೋವಿಂದಮ್ಮನ ನಮಸ್ಕಾರ.

ಸಾ, ತಪ್ಪಾಗೋಗದೆ. ಔಷಧಿ ಕೊಟ್ವಿ. ಮರಿ ಸೊರಗೋಗವೆ ಅಂತ ಅಂಗಡಿಯೋನು ಒಂದು ಬಾಟ್ಲು ಟಾನಿಕ್ಕೂ ಕೊಟ್ಟ, ಅದನ್ನೂ ಅದೇ ನೀರ್‌ಗೆ ಉಯ್ದೊ. ಇನ್ನೂ ಮೂರು ಸತ್ತೊ. ಏಳು ಉಳ್ದವೆ. ಬಯ್ಬ್ಯಾಡಿ.

ಅಮ್ಮಾವ್ರು 'ಇದ್ದಾರೆ' ಅಂತ ಬರ್ದಿದ್ರಿ. ಸಂದಾಗವ್ರೆ ಅಂತ ಬರೀನಿಲ್ಲ. ಉಸಾರಿಲ್ವಾ ಸಾ? ಎಂಗವ್ರೆ?

ಗೋವಿಂದಮ್ಮ

*

ಹೊನ್ನೂರು
4 ಜುಲೈ 2024

ಶ್ರೀಮತಿ ಗೋವಿಂದಮ್ಮನವರಿಗೆ ಶರಣು.

ಬೇರೆ ಏನನ್ನೂ ಸೇರಿಸಬೇಡಿ ಎಂದು ಸ್ಪಷ್ಟವಾಗಿ ಬರೆದಿದ್ದೆ. ಆ ಔಷಧ ಕ್ರಿಮಿಗೆ ಒಂದು ಜೀವಸತ್ವ ಸಿಗದಂತೆ ಮಾಡಿ ಅದನ್ನು ಉಪವಾಸ ಕೆಡವಿ ಕೊಲ್ಲುತ್ತದೆ. ನಿಮ್ಮ ಟಾನಿಕ್ಕಿನಲ್ಲಿ ಇರುವುದು ಅದೇ ಜೀವಸತ್ವ. ಕೊಲ್ಲಬೇಕಾದ್ದಕ್ಕೆ ಕೂರಿಸಿ ಊಟ ಬಡಿಸಿದ್ದೀರಿ. ಮೂರು ಮರಿ ಸತ್ತದ್ದು ರೋಗದಿಂದಲ್ಲ, ನಿಮ್ಮ ಮುದ್ದಿನಿಂದ. ಟಾನಿಕ್ ಬಿಸಾಡಿ, ಔಷಧವನ್ನು ಮೊದಲಿನಿಂದ ಐದು ದಿನ ಕೊಡಿ. ಉಳಿದ ಏಳು ಬದುಕುತ್ತವೆ.

ನಮ್ಮ ಮನೆಯವರ ವಿಚಾರ ಮತ್ತೆ ಕೇಳಿದ್ದೀರಿ. ಬರೆಯುತ್ತೇನೆ. ಲಕ್ವ ಹೊಡೆದು ಎರಡು ತಿಂಗಳು. ಎಡಭಾಗ ಸ್ವಾಧೀನದಲ್ಲಿಲ್ಲ. ಮಾತು ತೊದಲು. ಕೊಟ್ಟಿಗೆ ಕಡೆಯ ಕೋಣೆಯಲ್ಲಿ ಕಿಟಕಿ ಪಕ್ಕ ಮಂಚ ಹಾಕಿದ್ದೇನೆ. ನನ್ನ ತಂಗಿ ಗುರುಸಿದ್ದಮ್ಮ ಬಂದು ನೋಡಿಕೊಳ್ಳುತ್ತಿದ್ದಾಳೆ.

ನಮಗೆ ಒಬ್ಬಳೇ ಮಗಳಿದ್ದಳು. ಎರಡು ವರ್ಷದ ಹಿಂದೆ ತೀರಿಕೊಂಡಳು. ಇವಳಿಗೆ ಈಗ ಅದು ಮರೆತುಹೋಗಿದೆ. ಸಂಜೆಯಾದರೆ ಬಾಗಿಲ ಕಡೆ ನೋಡಿ ಅವಳ ಹೆಸರು ಹಿಡಿದು ಕರೆಯುತ್ತಾಳೆ. ತೀರಿಕೊಂಡ ವಿಷಯವನ್ನು ಪ್ರತಿ ಸಲವೂ ನಾನೇ ಹೇಳಬೇಕಾಗುತ್ತದೆ. ಪ್ರತಿ ಸಲವೂ ಹೊಸದಾಗಿ ಕೇಳಿದವಳ ಹಾಗೆ ಅಳುತ್ತಾಳೆ.

ಗೂಡಿನ ನೆಲ ಒಣಗಿತೇ? ಅದನ್ನು ನೀವು ಬರೆದಿಲ್ಲ.

ಸದಾಶಿವಪ್ಪ

*

ಅಜ್ಜೀಪುರ
8 ಜುಲೈ 2024

ಅವ್ವ,

ನಾನು ಸತ್ತಿಲ್ಲ ಕಣವ್ವ. ಸತ್ತಿಲ್ಲ.

ಅಪ್ಪನ ಕಾಗದ ಓದಿ ಗೂಡಿನ ಹಿಂದೆ ಕೂತು ಅತ್ಬಿಟ್ಟೆ. ಅಳು ಕೇಳಿ ಅತ್ತೆ ಬಂದ್ರು. ನಾನೇ ಓದಿ ಹೇಳ್ದೆ. ಅವರು ಕೆಟ್ಟ ಮಾತು ಆಡೋರಲ್ಲ. 'ಥೂ, ಇವ್ನ್ ಮನೆ ಆಳಾಗ' ಅಂದ್ಬಿಟ್ರು. ಆಮೇಲೆ ಗಲ್ಲ ಗಲ್ಲ ಬಡ್ಕೊಂಡು, 'ನಿಮ್ಮಪ್ಪ ಅನ್ನೋದು ಮರೆತೆ ಕಣವ್ವ' ಅಂದ್ರು.

ಯಾರೋ ರೈತಿಣಿ ಅಂತ ನಂಬಿ ಮನಸ್ಸು ಬಿಚ್ಚಿ ಬರೆದವ್ರೆ ಅಪ್ಪ. ಅದೊಂದೇ ಸಮಾಧಾನ. ಕಲ್ಲು ಇನ್ನೂ ಪೂರ್ತಿ ಕಲ್ಲಾಗಿಲ್ಲ. ರೈತಿಣಿ ಮಾತು ಕೇಳಿದ್ರೂ ಕೇಳಬಹುದು.

ಕೋಮಲ

*

ಅಜ್ಜೀಪುರ
19 ಜುಲೈ 2024

ಸಾಹೇಬ್ರಿಗೆ ನಮಸ್ಕಾರ.

ಏಳೂ ಗೆಲುವಾಗವೆ ಸಾ. ನೆಲ ಒಣಗದೆ. ಪೇಪರಲ್ಲಿ ಒಂದು ತೊಟ್ಟು ರಕ್ತ ಇಲ್ಲ. ನಿಮ್ಮ ಉಪಕಾರ ಮರೆಯಾಕಿಲ್ಲ.

ಒಂದ್ ಮಾತು ಯೋಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ನಿಮ್ಮ ಮಗಳು ಸತ್ತಿಲ್ಲ ಅಂತ ನಮ್ಮ ಕಡೆ ಜನ ಆಡ್ಕತರೆ. ಮಂಚ ಇಡ್ದಿರೋ ಎಣ್ಮಗಳು ಎಸ್ರಿಡಿದು ಕರೀತಾ ಅವ್ರೆ ಅಂದ್ರೆ ಎತ್ತ ಕರುಳು ತಡೀತದಾ? ಒಂದ್ ದಪ ಕರೆಸಿ ಸಾ. ನಿಮ್ಮ ಮಗಳು ಕಾಲು ಮುಟ್ಟಿ ಕೇಳ್ತಾವ್ಳೆ ಅಂತ್ಲೇ ತಿಳ್ಕಳಿ.

ಗೋವಿಂದಮ್ಮ

*

ಹೊನ್ನೂರು
23 ಜುಲೈ 2024

ಶ್ರೀಮತಿ ಗೋವಿಂದಮ್ಮನವರಿಗೆ ಶರಣು.

ಸತ್ತವರನ್ನು ಅಲ್ಲಿ ನೋಡಿದೆ, ಇಲ್ಲಿ ನೋಡಿದೆ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವನು. ಇನ್ನು ಮುಂದೆ ಕೋಳಿಯ ವಿಚಾರವಷ್ಟೇ ಬರೆಯಿರಿ. ಇಲ್ಲವಾದರೆ ಕಾಗದ ನಿಲ್ಲಿಸಿ.

ಮಳೆಗಾಲ ಮುಗಿದಿಲ್ಲ. ಕಾಯಿಲೆ ಮರುಕಳಿಸಬಹುದು. ಮರುಕಳಿಸಿದರೆ ಔಷಧ ಮತ್ತೆ ಐದು ದಿನ. ಔಷಧ ಕೊಟ್ಟರೂ ಏಳದ ಕೋಳಿ ಇದ್ದರೆ, ಜೀವ ಹೋಗುವ ಮೊದಲೇ ಅದನ್ನು ನನ್ನಲ್ಲಿಗೆ ತನ್ನಿ. ಕುಯ್ದು ಕರುಳು ನೋಡಿ ಹೇಳುತ್ತೇನೆ. ಕೋಳಿ ತರುವವರು ಮುಂಬಾಗಿಲಿಗೆ ಬರುವಂತಿಲ್ಲ, ಹಿಂದಿನ ಕೊಟ್ಟಿಗೆಗೆ ಬರಬೇಕು. ಬರುವುದಾದರೆ ಆಗಸ್ಟ್ ಎಂಟು, ಗುರುವಾರ ಬೆಳಿಗ್ಗೆ ಬನ್ನಿ.

ಸದಾಶಿವಪ್ಪ

*

ಅಜ್ಜೀಪುರ
6 ಆಗಸ್ಟ್ 2024

ಅವ್ವ,

ಅಪ್ಪ ಕೊಟ್ಟಿಗೆಗೆ ಬನ್ನಿ ಅಂದ್ರು ಕಣವ್ವ! ನಿನ್ನ ಕಿಟಕಿ ಇರೋದು ಅದೇ ಕಡೆ. ಅತ್ತೆ ಕೋಳಿ ಹಿಡ್ಕೊಂಡು ಅಪ್ಪನ ಕುಟೆ ಮಾತಾಡ್ತಿರ್ತಾರೆ. ನಾನು ಸೆರಗು ಮುಸುಕು ಹಾಕ್ಕೊಂಡು ಕಿಟಕಿ ಹತ್ರ ನಿಂತ್ಕೋತೀನಿ. ಎರಡು ನಿಮಿಷ ಸಾಕು. 'ಅವ್ವ, ನಾನು ಬದುಕಿದೀನಿ' ಅಂತ ಹೇಳೋಕೆ ಎಷ್ಟು ಹೊತ್ತು ಬೇಕು?

ನಾಳಿದ್ದು ಬರಬೇಕಿತ್ತು. ಇವತ್ತು ಅಪ್ಪನ ಕಾರ್ಡು ಬಂತು, ಎರಡನೇ ತಾರೀಖು ಬರೆದದ್ದು. ಒಂದೇ ಸಾಲು: 'ಎಂಟಕ್ಕೆ ಬೇಡ, ಹನ್ನೆರಡು ಸೋಮವಾರ ಬನ್ನಿ.' ಶ್ರಾವಣ ಸೋಮವಾರ ಕೋಳಿ ಮುಟ್ತಾರಾ ಅಪ್ಪ ಅಂತ ಆಶ್ಚರ್ಯ ಆಯ್ತು. ಇರ್ಲಿ, ಇನ್ನು ಆರು ದಿನ.

ಒಂದು ಪಾಪ ಮಾಡ್ತಾ ಇದೀನಿ, ನಿನಗೊಬ್ಬಳಿಗೆ ಹೇಳ್ತೀನಿ. ಏಳೂ ಕೋಳಿಗೆ ಮತ್ತೆ ರಕ್ತಭೇದಿ ಬಂತು. ಬೇಗ ಕಂಡುಹಿಡಿದೆ, ಎಲ್ಲಾ ಉಳೀತಾವೆ. ಉಳಿದ್ರೆ ಕೊಟ್ಟಿಗೆಗೆ ಏನು ತಗೊಂಡು ಬರ್ಲಿ? ಅದಕ್ಕೆ ಆರು ಕೋಳಿಗೆ ಮಾತ್ರ ಔಷಧಿ ಕೊಟ್ಟೆ. ಕೆಂದ ಯಾಟೆಮರೀನ ಬೇರೆ ಮಂಕರೀಲಿ ಮುಚ್ಚಿ ಬರೀ ನೀರು ಇಟ್ಟೆ. ಅದೇ ನನ್ನ ಕೈಮೇಲೆ ಹತ್ತಿ ಕೂರ್ತಿದ್ದಿದ್ದು. ಮಂಕರಿ ಎತ್ತಿದ್ರೆ ಔಷಧಿ ನೀರಿನ ಕಡೆಗೇ ನೋಡುತ್ತೆ. ಸೋಮವಾರದವರೆಗೂ ಜೀವ ಹಿಡ್ಕೊಂಡಿರು ಅಂತೀನಿ ಅದಕ್ಕೆ. ಸಾಯೋದಕ್ಕೂ ನಾನೇ ತಾರೀಖು ಕೊಟ್ಟಿದೀನಿ.

ಸೋಮವಾರ ಬರ್ತೀನಿ. ಕಿಟಕಿ ಕಡೆ ನೋಡ್ತಾ ಇರು.

ಕೋಮಲ

*

ಹೊನ್ನೂರು
12 ಆಗಸ್ಟ್ 2024, ಬೆಳಿಗ್ಗೆ

ಕೋಮಲ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಇನ್ನು ಎರಡು ಗಂಟೆಯಲ್ಲಿ ನಿನ್ನ ಅತ್ತೆ ಕೋಳಿ ಹಿಡಿದು ಕೊಟ್ಟಿಗೆಗೆ ಬರುತ್ತಾರೆ. ಅವರ ಕೈಗೆ ಕೊಡುತ್ತೇನೆ. ನೀನು ಓದುವ ಹೊತ್ತಿಗೆ ಕಿಟಕಿಯಲ್ಲಿ ನೋಡಿ ಆಗಿರುತ್ತದೆ. ಕಿಟಕಿಯನ್ನು ನಾನೇ ತೆಗೆದಿಟ್ಟಿದ್ದೇನೆ.

ನಿಮ್ಮ ಅವ್ವ ಆಗಸ್ಟ್ ಎರಡು, ಶುಕ್ರವಾರ ಬೆಳಗಿನ ಜಾವ ಲಿಂಗೈಕ್ಯಳಾದಳು. ಮೂರನೇ ತಾರೀಖು ತೋಟದಲ್ಲಿ ಮಣ್ಣು ಮಾಡಿದೆವು. ಮೊನ್ನೆ ಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟರು. ಅದಕ್ಕೇ ಇವತ್ತಿನ ದಿನ ಕೊಟ್ಟೆ.

ಮೊದಲ ಕಾಗದದಲ್ಲೇ ನಿನ್ನ ಗುರುತು ಹತ್ತಿತು. ಎಡಗೈಯಲ್ಲಿ ಬರೆದರೂ ಸರಿ, ಬಲಗೈಯಲ್ಲಿ ಬರೆದರೂ ಸರಿ. ರಾತ್ರಿ ಗೂಡಿಗೆ ಪೇಪರ್ ಹಾಸಿ ಬೆಳಿಗ್ಗೆ ಹಿಕ್ಕೆಯನ್ನು ಬಣ್ಣ ಬಣ್ಣ ಬೇರೆ ಮಾಡಿ ಎಣಿಸುವುದನ್ನು ನಾನು ಇಡೀ ಸರ್ವೀಸಿನಲ್ಲಿ ಹೇಳಿಕೊಟ್ಟದ್ದು ಒಬ್ಬಳಿಗೆ. ನೀನು ಕೋಳಿಗೆ ಔಷಧ ಕೇಳಿದೆ, ನಾನು ಕೊಟ್ಟೆ. ಅದರಲ್ಲಿ ಒಂದು ಚೂರೂ ಮೋಸ ಮಾಡಿಲ್ಲ. ನಿಮ್ಮ ಅವ್ವನ ವಿಚಾರ ಕೇಳಿದೆ, ಅದನ್ನೂ ಬರೆದೆ. ಓದಿ ನಿನಗೆ ಹೇಗಾಗುತ್ತದೆಂದು ಗೊತ್ತಿದ್ದೇ ಬರೆದೆ. ಬೀದಿಯಲ್ಲಿ ನಾಲ್ಕು ಜನರ ಮುಂದೆ ನನಗೆ ಹೇಗಾಗಿತ್ತೋ ಅದರಲ್ಲಿ ಅರ್ಧವಾದರೂ ಆಗಲಿ ಎಂದು ಬರೆದೆ.

ಇನ್ನೊಂದು ವಿಷಯ. ನಿನ್ನ ಕಾಗದಗಳನ್ನೆಲ್ಲ ಅವಳಿಗೆ ಓದಿ ಹೇಳುತ್ತಿದ್ದೆ, ಕೋಳಿಯ ಭಾಗವನ್ನು ಮಾತ್ರ. ಹೊತ್ತು ಹೋಗಲಿ ಎಂದು. ಯಾರು ಬರೆದದ್ದು ಎಂದು ಹೇಳಲಿಲ್ಲ. ಟಾನಿಕ್ ಹಾಕಿ ಮೂರು ಮರಿ ಕೊಂದದ್ದನ್ನು ಕೇಳಿ 'ಅಯ್ಯೋ ಪಾಪದ್ದೇ' ಎಂದು ನಕ್ಕಳು. ಲಕ್ವ ಹೊಡೆದ ಮೇಲೆ ನಕ್ಕದ್ದು ಅದೊಂದೇ ಸಲ. ಆಮೇಲೆ ಅಂಚೆಯವನ ಸೈಕಲ್ ಸದ್ದಾದರೆ ಸಾಕು, ಕೇಳುತ್ತಿದ್ದಳು. ಗುರುವಾರ ರಾತ್ರಿ ಅವಳಾಡಿದ ಕೊನೆಯ ಮಾತೂ ಅದೇ: 'ಆ ಗೋವಿಂದಮ್ಮನ ಕೋಳಿ ಉಳಕಂಡ್ವಾ?' ಹೇಳಿಬಿಡಬಹುದಿತ್ತು. ಬಾಯಿಗೂ ಬಂತು. ಹೇಳಲಿಲ್ಲ. 'ಉಳಿದವು' ಎಂದೆ.

ಇವತ್ತು ನೀನು ತರುವ ಕೋಳಿಗೆ ಔಷಧ ಕೊಟ್ಟಿರುವುದಿಲ್ಲ. ಅಷ್ಟು ಬೇಗ ರೋಗ ಪತ್ತೆ ಹಚ್ಚುವವಳ ಕೈಯಲ್ಲಿ ಕೋಳಿ ತಾನಾಗಿ ಸಾಯುವುದಿಲ್ಲ. ಸಾಯುವ ಕೋಳಿ ಬೇಕು ಎಂದು ನಾನು ಬರೆದೆ, ನೀನು ಮಾಡಿಕೊಂಡು ಬರುತ್ತೀಯ. ಅದರಲ್ಲಿ ಮಾತ್ರ ನೀನು ನನ್ನ ಮಗಳೇ.

ಔಷಧ ನಿಲ್ಲಿಸಿದ ಏಳನೇ ದಿನ ಉಳಿದ ಕೋಳಿಗಳ ಹಿಕ್ಕೆ ನೋಡಿ ಬರೆಯುವುದು. ಮರೆಯಬೇಡ. ಗುರುಸಿದ್ದಮ್ಮನೂ ಅವಳ ಮನೆಗೆ ಹೊರಟಳು. ನನ್ನ ಕಣ್ಣು ಈಚೆಗೆ ಮಂಜಾಗಿದೆ, ಕಾಗದ ಓದಿ ಹೇಳುವವರು ಯಾರೂ ಇಲ್ಲ. ದೊಡ್ಡ ಅಕ್ಷರದಲ್ಲಿ ಬರೆ.

ಸದಾಶಿವಪ್ಪ

*

ಅಜ್ಜೀಪುರ
19 ಆಗಸ್ಟ್ 2024

ಸದಾಶಿವಪ್ಪನವರಿಗೆ,

ಏಳನೇ ದಿನದ ಹಿಕ್ಕೆ ಕೇಳಿದ್ರಿ. ಆರು ಕೋಳಿ. ಪೇಪರ್ ಮೇಲೆ ಮೂವತ್ತೊಂದು ಹಿಕ್ಕೆ. ಮೂರು ಚಾಕಲೇಟ್ ಬಣ್ಣ, ಅಂಟು. ಇಪ್ಪತ್ತೆಂಟು ಗಟ್ಟಿ, ಮೇಲೆ ಬಿಳಿ. ರಕ್ತ ಒಂದರಲ್ಲೂ ಇಲ್ಲ. ಮೇವು ತಿಂತಾವೆ. ನೆಲ ಒಣಗಿದೆ. ಗೋವಿಂದಮ್ಮನ ಕೋಳಿ ಉಳ್ಕೊಂಡವೆ.

ಕೆಂದ ಯಾಟೇನ ನೀವು ಕುಯ್ದಾಗ ಅತ್ತೆ ಅದರ ಕಾಲು ಹಿಡ್ಕೊಂಡಿದ್ರು. ಕರುಳು ಬಿಡಿಸಿ ತೋರಿಸ್ತಾ, 'ಔಷಧ ಕೊಟ್ಟಿದ್ರೆ ಇದು ಉಳೀತಿತ್ತು' ಅಂತ ಗಟ್ಟಿಯಾಗಿ ಅಂದ್ರಿ, ಕಿಟಕಿ ಹತ್ರ ನಿಂತೋಳಿಗೆ ಕೇಳ್ಲಿ ಅಂತ. ಕೇಳಿಸ್ತು. ನಾನು ಆಗ ಮಂಚ ನೋಡ್ತಾ ಇದ್ದೆ. ಹಾಸಿಗೆ ಸುತ್ತಿ ಹಗ್ಗ ಕಟ್ಟಿಟ್ಟಿದ್ರಿ. ಕಿಟಕಿ ಕಟ್ಟೆ ಮೇಲೆ ಅವ್ವನ ವಿಭೂತಿ ಗಟ್ಟಿ ಹಂಗೇ ಇತ್ತು. ಅದನ್ನ ಕಂಬಿ ಸಂದೀಲಿ ಕೈಹಾಕಿ ತಗೊಂಡು ಬಂದಿದೀನಿ. ಹುಡುಕ್ಬೇಡಿ.

ಆ ಕೋಳೀನ ಕೊಂದೋಳು ನಾನು, ಒಪ್ಕೋತೀನಿ. ನಾನು ಕೊಂದಿದ್ದು ಅವ್ವನ್ನ ನೋಡೋಕೆ. ನೀವು ನನ್ನನ್ನ ಯಾಕೆ ಕೊಂದ್ರಿ? ಆ ಕಾಗದ ಬರೀತಿರೋದು ನಾನೇ ಅಂತ ಅವ್ವನಿಗೆ ಒಂದು ಮಾತು ಹೇಳೋಕೆ ನಿಮಗೆ ಒಂದೂವರೆ ತಿಂಗಳು ಟೈಮಿತ್ತು.

ಅವತ್ತು ಬಸ್ಸಲ್ಲೇ ನಿಮ್ಮ ಕಾಗದ ಓದಿ, ಅಜ್ಜೀಪುರದಲ್ಲಿ ಇಳಿದೋಳು ಮನೆ ಒಳಗೆ ಹೋಗ್ಲಿಲ್ಲ. ಬೀದಿ ನಲ್ಲಿ ಮುಂದೆ ನಿಂತ್ಕೊಂಡೆ, ನೀವು ನಿಂತ್ಕೊಂಡಿದ್ದಂಗೇ, ಎಲ್ಲರೂ ನೋಡೋ ಹಂಗೆ. ಒಂದು ಚೊಂಬು ನೀರು ತಲೆ ಮೇಲೆ ಹುಯ್ಕೊಂಡೆ. ಅದು ಅವ್ವನಿಗೆ. ಅತ್ತೆ, 'ಸಾಕು ಬಾರವ್ವ, ಸೀತ ಆಯ್ತದೆ' ಅಂತ ಕೈ ಹಿಡಿದು ಎಳೆದ್ರು. ತಡೀರಿ ಅಂದು ಇನ್ನೊಂದು ಚೊಂಬು ತುಂಬ್ಕೊಂಡೆ. 'ಇದ್ಯಾರ್‌ಗವ್ವ?' ಅಂದ್ರು.

ಅದು ನಿಮಗೆ.

ಕಣ್ಣು ಮಂಜು ಅಂದಿದ್ರಿ, ಅದಕ್ಕೆ ದೊಡ್ಡಕ್ಷರದಲ್ಲೇ ಬರ್ದಿದೀನಿ. ಓದಿ ಹೇಳೋಕೆ ಯಾರೂ ಬೇಕಾಗಲ್ಲ.

ಗೋವಿಂದಮ್ಮನ ಸೊಸೆ
ಕೋಮಲ